ಒಳಗೆ ಮಡಚಿಟ್ಟ ಒಂದೂವರೆ ಇಂಚು

ಹೋದ ವಾರ ಪಕ್ಕದ ಬೀದಿಯ ಹುಡುಗಿ ಒಂದು ರವಿಕೆ ತಂದುಕೊಟ್ಟಳು. ಅವಳ ಅಮ್ಮನ ಧಾರೆ ಸೀರೆಯ ರವಿಕೆ. ಅರಿಶಿನ ಬಣ್ಣ, ತೋಳಿಗೆ ಕುಂಕುಮ ಬಣ್ಣದ ಅಂಚು. "ಆಂಟಿ, ಸೀರೆ ಚೆನ್ನಾಗಿದೆ, ನಾನೇ ಉಡ್ತೀನಿ. ರವಿಕೆ ಮಾತ್ರ ಆಗಲ್ಲ, ಬಿಗಿ. ಹೊಸದೊಂದು ಹೊಲಿದುಕೊಡಿ" ಅಂದಳು.

ನಾನು ರವಿಕೆಯ ಒಳಮಗ್ಗುಲು ತಿರುಗಿಸಿ ನೋಡಿದೆ. ಎರಡೂ ಪಕ್ಕದಲ್ಲಿ ಒಂದೂವರೆ ಇಂಚು ಬಟ್ಟೆ ಮಡಚಿಕೊಂಡು ಕೂತಿತ್ತು. ಪಕ್ಕದ ಹೊಲಿಗೆ ಒಂದಲ್ಲ, ಮೂರು ಸಾಲು. ಯಾರು ಹೊಲಿದರೋ ಗೊತ್ತಿಲ್ಲ. ಆದರೆ ಮದುವೆ ಹೆಣ್ಣಿನ ಅಳತೆ ತೆಗೆದುಕೊಳ್ಳುವಾಗಲೇ ಅವರು ಮುಂದಿನದನ್ನು ಯೋಚಿಸಿದ್ದರು. ಈಕೆಗೆ ನಾಳೆ ಮಕ್ಕಳಾಗುತ್ತವೆ, ಮೈ ತುಂಬಿಕೊಳ್ಳುತ್ತದೆ, ಆಗ ಒಂದು ಸಾಲು ಬಿಚ್ಚಿದರೆ ಸಾಕು ಅಂತ. ಆಕೆ ಬಿಚ್ಚಿಸಲೇ ಇಲ್ಲ. ರವಿಕೆ ಬೀರುವಿನಲ್ಲಿ ಹಾಗೇ ಉಳಿಯಿತು.

"ಹೊಸದು ಬೇಡ ಕಣವ್ವ, ಇದೇ ಆಗುತ್ತೆ, ಸೋಮವಾರ ಬಾ" ಅಂತ ಹೇಳಿ ಕಳಿಸಿದೆ.

ಈ ಒಳಗೆ ಬಿಡುವ ಬಟ್ಟೆಗೆ ನಾವು ಟೈಲರ್‌ಗಳು ಮಾರ್ಜಿನ್ ಅನ್ನುತ್ತೇವೆ. ಒಂದೊಂದು ಪಕ್ಕದಲ್ಲಿ ಅರ್ಧ ಇಂಚು ಬಿಟ್ಟರೆ ಸುತ್ತಳತೆಯಲ್ಲಿ ಎರಡು ಇಂಚು ಸಿಗುತ್ತದೆ, ಯಾಕೆಂದರೆ ಮುಂಭಾಗ, ಹಿಂಭಾಗ ಎರಡರಲ್ಲೂ ಬಟ್ಟೆ ಇರುತ್ತದೆ. ಎರಡು ಇಂಚು ಅಂದರೆ ಒಂದು ರವಿಕೆಗೆ ಇನ್ನೂ ಹತ್ತು ವರ್ಷ ಆಯಸ್ಸು. ನನಗೆ ಕೆಲಸ ಕಲಿಸಿದ ಮಾಸ್ಟರ್ ಪಾಂಡವಪುರದವರು. ಮೊದಲ ಆರು ತಿಂಗಳು ನನ್ನ ಕೈಗೆ ಕತ್ತರಿ ಕೊಡಲೇ ಇಲ್ಲ. ಗುಂಡಿ ತೂತಿಗೆ ಕಾಜಾ ಹೊಲಿ, ಹುಕ್ಸ್ ಹಾಕು, ಹಳೆ ಬಟ್ಟೆ ಬಿಚ್ಚು, ಇಷ್ಟೇ. "ಬಿಚ್ಚೋದು ಕಲಿ ಮೊದ್ಲು. ಹೊಲಿಗೆ ತಪ್ಪಿದ್ರೆ ಬಿಚ್ಬೋದು, ಕತ್ತರಿ ಹಾಕಿದ್ಮೇಲೆ ಬಟ್ಟೆ ವಾಪಸ್ ಬರಲ್ಲ" ಅನ್ನೋರು. ಇಪ್ಪತ್ತೆರಡು ವರ್ಷದಿಂದ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ, ನಮ್ಮ ಮನೆಯ ಹೊರಗಿನ ರೂಮಿನಲ್ಲಿ ಮಿಷನ್ ಇಟ್ಟುಕೊಂಡು ಹೊಲಿಯುತ್ತಿದ್ದೇನೆ. ಇವತ್ತಿಗೂ ಬಟ್ಟೆ ಮೇಲೆ ಚಾಕ್ ಎಳೆದು ಕತ್ತರಿ ಇಡುವ ಮುಂಚೆ ಒಂದು ಕ್ಷಣ ಕೈ ನಿಲ್ಲುತ್ತದೆ.

ಈಗ ರೆಡಿಮೇಡ್ ಬಟ್ಟೆಯ ಒಳಗೆ ತಿರುಗಿಸಿ ನೋಡಿ. ಅರ್ಧ ಇಂಚಿಗಿಂತ ಕಡಿಮೆ, ಅದರ ಮೇಲೆ ಅಂಚು ಕತ್ತರಿಸಿ ಸುತ್ತಿ ಹೊಲಿಯುವ ಓವರ್‌ಲಾಕ್. ಬಿಚ್ಚೋಣ ಅಂದರೆ ಬಿಚ್ಚಲು ಬಟ್ಟೆಯೇ ಇಲ್ಲ. ಮೂರು ಕೆಜಿ ದಪ್ಪ ಆದರೆ ಆ ಚೂಡಿದಾರ್ ಮೂಲೆ ಸೇರಿತು. ಜನ ನನ್ನ ಹತ್ತಿರ ತರುತ್ತಾರೆ, ನಾನು ಪಕ್ಕಕ್ಕೆ ಒಂದು ಪಟ್ಟಿ ಕೂರಿಸಿ ಕೊಡುತ್ತೇನೆ ಅನ್ನುತ್ತೇನೆ. "ಎಷ್ಟಾಗುತ್ತೆ?" ನೂರಿಪ್ಪತ್ತು ರೂಪಾಯಿ. "ಅಯ್ಯೋ, ಇನ್ನೊಂದಿನ್ನೂರು ಹಾಕಿದ್ರೆ ಹೊಸದೇ ಬರುತ್ತಲ್ಲ!" ಈ ಮಾತಿಗೆ ನನ್ನಲ್ಲಿ ಉತ್ತರ ಇರುತ್ತಿರಲಿಲ್ಲ. ಈಗ ಇದೆ. ಆ ಹೊಸದು ಎಷ್ಟು ಒಗೆತ ತಡೆಯುತ್ತದೆ ನೋಡಿ ಅನ್ನುತ್ತೇನೆ. ಹಳೆಯದರ ಬಟ್ಟೆ ಗಟ್ಟಿ ಇದ್ದರೆ ಪಟ್ಟಿ ಕೂರಿಸುವುದೇ ಲಾಭ. ಬಟ್ಟೆಯೇ ಸವೆದಿದ್ದರೆ ನಾನೇ ಬೇಡ ಅನ್ನುತ್ತೇನೆ, ಸುಮ್ನೆ ದುಡ್ಡು ತೆಗೆದುಕೊಳ್ಳಲ್ಲ.

ಯೂನಿಫಾರಂ ವಿಷಯ ಒಂದು ಹೇಳಲೇಬೇಕು. ಜೂನ್ ಬಂತು ಅಂದರೆ ನನ್ನ ಬಾಗಿಲಲ್ಲಿ ಮಕ್ಕಳ ಸಾಲು. ಪ್ಯಾಂಟಿನ ಕೆಳಗಿನ ಮಡಿಕೆ ಬಿಚ್ಚಿ ಉದ್ದ ಮಾಡುವುದು, ಸ್ಕರ್ಟಿನ ಸೊಂಟ ಸಡಿಲ ಮಾಡುವುದು. ಅಣ್ಣನದು ತಮ್ಮನಿಗೆ, ಅಕ್ಕನದು ಪಕ್ಕದ ಮನೆಯ ಹುಡುಗಿಗೆ. ಮೊದಲೆಲ್ಲ ಹೀಗೇ ನಡೆಯುತ್ತಿತ್ತು. ನನ್ನ ಮಗಳು ಓದುತ್ತಿದ್ದ ಶಾಲೆಯಲ್ಲಿ ನಾಲ್ಕು ವರ್ಷದಲ್ಲಿ ಎರಡು ಸಲ ಚೆಕ್ಸ್ ಬದಲಾಯಿಸಿದರು. ಒಂದು ಸಲ ನೀಲಿ, ಒಂದು ಸಲ ಬೂದು. ಎರಡು ಜೊತೆ ಗಟ್ಟಿಮುಟ್ಟಾದ ಯೂನಿಫಾರಂ ಯಾರಿಗೂ ಕೊಡಲಾಗದೆ ಮನೆಯಲ್ಲೇ ಉಳಿಯಿತು. ಪೋಷಕರ ಸಭೆಯಲ್ಲಿ ಎದ್ದು ನಿಂತು ಕೇಳಿದೆ, "ಚೆಕ್ಸ್ ಬದಲಾದ್ರೆ ಮಕ್ಕಳ ಓದು ಬದಲಾಗುತ್ತಾ ಮೇಡಂ?" ಅಂತ. ಉತ್ತರ ಬರಲಿಲ್ಲ. ಅಲ್ಲಿದ್ದ ಐದಾರು ಅಮ್ಮಂದಿರು ಆಮೇಲೆ ನನ್ನ ಫೋನ್ ನಂಬರ್ ತೆಗೆದುಕೊಂಡರು. ಈಗ ಮಾರ್ಚ್ ಕೊನೆಯಲ್ಲಿ ನಮ್ಮ ಮನೆ ಜಗಲಿಯಲ್ಲಿ ಯೂನಿಫಾರಂ ಅದಲು ಬದಲು ನಡೆಯುತ್ತದೆ. ಕಿತ್ತುಹೋದ ಗುಂಡಿ, ಹರಿದ ಜೇಬು ನಾನು ದುಡ್ಡಿಲ್ಲದೆ ಸರಿ ಮಾಡಿಕೊಡುತ್ತೇನೆ.

ನಮ್ಮ ಅಜ್ಜಿ ಕಾಲದಲ್ಲಿ ಬಟ್ಟೆ ಎಸೆಯುವುದು ಅನ್ನುವ ಮಾತೇ ಇರಲಿಲ್ಲ. ತಾತನ ಪಂಚೆ ಸವೆದರೆ ಎಳೆಗೂಸಿಗೆ ಹಾಸುವ ಬಟ್ಟೆ ಆಗುತ್ತಿತ್ತು. ಸವೆದ ಪಂಚೆಯಷ್ಟು ಮೆತ್ತಗಿನ ಬಟ್ಟೆ ಇನ್ನೊಂದಿಲ್ಲ. ಅಜ್ಜಿಯ ಸೀರೆ ಮೊದಲು ತೊಟ್ಟಿಲು, ಆಮೇಲೆ ತೇಪೆ ಹಾಕಿ ಹೊಲಿದ ಹೊದಿಕೆ, ಅಂದರೆ ಬೊಂತೆ. ಬೊಂತೆಯೂ ಚಿಂದಿ ಆದಮೇಲೆ ಮಸಿಬಟ್ಟೆ. ಒಲೆ ಮೇಲಿನ ಪಾತ್ರೆ ಇಳಿಸಿ ಇಳಿಸಿ ಮಸಿಬಟ್ಟೆ ಕರಿ ಹಿಡಿದು ಹರಿದುಹೋದರೆ ತಿಪ್ಪೆಗೆ. ತಿಪ್ಪೆಯಿಂದ ಗದ್ದೆಗೆ. ಇದನ್ನು ಯಾರೂ ಪರಿಸರ ಅಂತ ಮಾಡಲಿಲ್ಲ. ಬಟ್ಟೆ ದುಬಾರಿ ಇತ್ತು, ಅದಕ್ಕೆ ಮಾಡಿದರು. ಆ ಬಡತನ ಮತ್ತೆ ಬರಲಿ ಅಂತ ನಾನಂತೂ ಹೇಳಲ್ಲ. ಅಜ್ಜಿಗೆ ಇದ್ದದ್ದೇ ಮೂರು ಸೀರೆ, ಅದು ಖುಷಿಯ ವಿಷಯ ಅಲ್ಲ. ಆದರೆ ಬಟ್ಟೆಗೆ ಒಂದಾದ ಮೇಲೊಂದು ಕೆಲಸ ಕೊಡುವ ಆ ಜಾಣತನ ನಮ್ಮ ಕೈ ತಪ್ಪಬಾರದಿತ್ತು.

ಆ ಸರಪಳಿ ಎಲ್ಲಿ ತುಂಡಾಯಿತು ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮತ್ತೆ ಒಂದು ದಿನ ನನ್ನ ಹಳೆ ನೈಟಿ ಹರಿದು ಮಸಿಬಟ್ಟೆ ಮಾಡಿಕೊಂಡರು. ಕುಕ್ಕರ್ ಇಳಿಸಲು ಹೋದಾಗ ಅದರ ತುದಿ ಬೆಂಕಿಗೆ ತಾಗಿತು. ಹತ್ತಿ ಬಟ್ಟೆಯಾಗಿದ್ದರೆ ಸುಟ್ಟು ಬೂದಿ ಆಗುತ್ತಿತ್ತು, ಕರಗಿ ಅಂಟುತ್ತಿರಲಿಲ್ಲ. ಇದು ಕರಗಿ ಅವರ ಬೆರಳಿಗೆ ಅಂಟಿಕೊಂಡಿತು. ತಣ್ಣೀರು ಸುರಿದು ಬಿಡಿಸುವಷ್ಟರಲ್ಲಿ ಬೊಬ್ಬೆ ಎದ್ದಿತ್ತು. ಪಾಲಿಸ್ಟರ್ ಬಟ್ಟೆ ಪೆಟ್ರೋಲಿಯಂನಿಂದ ಬಂದ ಪ್ಲಾಸ್ಟಿಕ್. ನೀರು ಹೀರಲ್ಲ, ಮಣ್ಣಲ್ಲಿ ಕೊಳೆಯಲ್ಲ, ಬಿಸಿಗೆ ಕರಗುತ್ತದೆ. ಇವತ್ತು ಪ್ರಪಂಚದಲ್ಲಿ ತಯಾರಾಗುವ ನಾರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ.

ನಿಮ್ಮ ಬಟ್ಟೆ ಯಾವುದು ಅಂತ ತಿಳಿಯಬೇಕಾದರೆ ಒಳಗಿನ ಅಂಚಿನಿಂದ ಒಂದು ಎಳೆ ಕಿತ್ತು, ಸಿಂಕ್ ಹತ್ತಿರ ನಿಂತು ಬೆಂಕಿಗೆ ಹಿಡಿಯಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೆರಳಲ್ಲಿ ಉಜ್ಜಿದರೆ ಪುಡಿ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಸ್ಟರ್ ಆದರೆ ಮುದುರಿಕೊಂಡು ತುದಿಯಲ್ಲಿ ಗಟ್ಟಿ ಮಣಿ ಕೂರುತ್ತದೆ. ಎರಡೂ ಬೆರೆತಿದ್ದರೆ ಬೂದಿಯ ಜೊತೆ ಮಣಿಯೂ ಸಿಗುತ್ತದೆ. ಈ ಬೆರಕೆ ಬಟ್ಟೆಗಳದ್ದೇ ದೊಡ್ಡ ಕಷ್ಟ, ಎಳೆ ಎಳೆ ಬೇರೆ ಮಾಡಿ ಮತ್ತೆ ಹೊಸ ಬಟ್ಟೆ ನೇಯುವುದು ಸುಲಭ ಅಲ್ಲ. ಹಳೆ ಬಟ್ಟೆ ತಿರುಗಿ ಹೊಸ ಬಟ್ಟೆ ಆಗುವುದು ನೂರಕ್ಕೆ ಒಂದು ಭಾಗಕ್ಕಿಂತ ಕಡಿಮೆ ಅಂತ ಲೆಕ್ಕ ಇದೆ. ಮಿಕ್ಕಿದ್ದು ಚೆನ್ನಾಗಿದ್ದರೆ ಪಾಣಿಪತ್‌ನಂಥ ಊರಿಗೆ ಹೋಗಿ ಕಂಬಳಿ ಆಗುತ್ತದೆ, ಇಲ್ಲ ಗ್ಯಾರೇಜಿನಲ್ಲಿ ಗ್ರೀಸ್ ಒರೆಸುತ್ತದೆ, ಇಲ್ಲ ಮಣ್ಣು ಸೇರುತ್ತದೆ. ಅದಕ್ಕೇ ನಾನು ಕೊಳ್ಳುವಾಗಲೇ ನೋಡುತ್ತೇನೆ. ಈ ಬಟ್ಟೆ ಕೊನೆಗೆ ಮಸಿಬಟ್ಟೆ ಆಗುತ್ತಾ? ಆಗುವುದಾದರೆ ಒಂದಿಪ್ಪತ್ತು ರೂಪಾಯಿ ಜಾಸ್ತಿ ಕೊಟ್ಟರೂ ಪರವಾಗಿಲ್ಲ.

ನನ್ನ ಅಂಗಡಿಯದೂ ಕಸ ಇದೆ. ತೋಳಿನ ಸುತ್ತ, ಕತ್ತಿನ ಸುತ್ತ ಕತ್ತರಿಸಿದ ಮೂರು ಮೂಲೆ ತುಂಡುಗಳು. ಲೈನಿಂಗ್ ಚೂರು. ಎದೆಯ ಭಾಗ ಬಟ್ಟಲಿನಂತೆ ಬರುವ ಕಟೋರಿ ರವಿಕೆಗೆ ಬಟ್ಟೆಯನ್ನು ಕ್ರಾಸ್, ಅಂದರೆ ಓರೆಯಾಗಿ ಇಟ್ಟು ಕತ್ತರಿಸಬೇಕು, ಆಗಂತೂ ತುಂಡು ಜಾಸ್ತಿ. ಒಂದು ವರ್ಷ ಎಲ್ಲವನ್ನೂ ಅಕ್ಕಿ ಚೀಲಕ್ಕೆ ತುಂಬಿ ತಿಂಗಳ ಕೊನೆಗೆ ತೂಗಿದೆ. ತಿಂಗಳಿಗೆ ಐದೂವರೆ ಕೆಜಿ, ಗೌರಿ ಹಬ್ಬ, ದಸರಾ ತಿಂಗಳಲ್ಲಿ ಒಂಬತ್ತು. ಒಬ್ಬಳೇ ಹೊಲಿಯುವ ಮನೆಯಲ್ಲಿ ಇಷ್ಟಾದರೆ ಮದ್ದೂರು, ಶ್ರೀರಂಗಪಟ್ಟಣದ ಕಡೆ ಸಾವಿರಾರು ಜನ ಹೆಂಗಸರು ಹೊಲಿಯುವ ಗಾರ್ಮೆಂಟ್ಸ್‌ಗಳಲ್ಲಿ ಎಷ್ಟಿರಬಹುದು ಅಂತ ಯೋಚಿಸಿದ್ದೆ.

ಈಗ ಮೂರು ಚೀಲ ಇಟ್ಟಿದ್ದೇನೆ. ಕ್ರಾಸ್ ತುಂಡಿನಿಂದ ಅಂಚಿಗೆ ಕೂರಿಸುವ ಪೈಪಿಂಗ್ ತೆಗೆಯುತ್ತೇನೆ, ಪೈಪಿಂಗ್‌ಗೆ ಕ್ರಾಸ್ ಬಟ್ಟೆಯೇ ಬೇಕು, ಅದು ತಿರುಗಿಸಿದಂತೆ ಬಾಗುತ್ತದೆ. ಅಂಗೈ ಅಗಲದ ಹತ್ತಿ ತುಂಡುಗಳು ಅತ್ತೆಯ ಬೊಂತೆಗೆ. ತೀರಾ ಪುಡಿ ಚೂರು ದಿಂಬಿನ ಒಳಗೆ. ಪಾಲಿಸ್ಟರ್ ಚೂರೂ ದಿಂಬಿನೊಳಗೆ ಹೋಗುತ್ತದೆ, ಅಲ್ಲಾದರೂ ಅದಕ್ಕೊಂದು ಕೆಲಸ ಸಿಕ್ಕಿತಲ್ಲ. ಆದರೂ ತಿಂಗಳಿಗೆ ಒಂದು ಕೆಜಿಯಷ್ಟು ಉಳಿದೇ ಉಳಿಯುತ್ತದೆ.

ಅತ್ತೆಗೆ ಎಪ್ಪತ್ತೊಂದು ವರ್ಷ. ಮಧ್ಯಾಹ್ನ ಊಟ ಆದಮೇಲೆ ಜಗಲಿಯಲ್ಲಿ ಕಾಲು ಚಾಚಿ ಕೂತು ಬೊಂತೆ ಹೊಲಿಯುತ್ತಾರೆ. ಮೇಲೆ ಕೆಳಗೆ ಹಳೆ ಕಾಟನ್ ಸೀರೆ, ಮಧ್ಯೆ ಸವೆದ ಬೆಡ್‌ಶೀಟು, ಮೇಲಿನ ಸೀರೆಯ ಮೇಲೆ ತುಂಡುಗಳ ತೇಪೆ. ಅಂಚಿನಿಂದ ಶುರು ಮಾಡಿ ಸುತ್ತ ಸುತ್ತ ಕೈ ಹೊಲಿಗೆ ಹಾಕುತ್ತಾ ಒಳಗೆ ಬರುತ್ತಾರೆ. ಒಂದು ಬೊಂತೆಗೆ ಎರಡು ತಿಂಗಳು. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಕೌದಿ ಅನ್ನುತ್ತಾರೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿದ ಕೌದಿಗಳಿಗೆ ಈಗ ಹೊರಗಡೆ ಒಳ್ಳೆ ಬೇಡಿಕೆ ಇದೆ. ಅತ್ತೆಯ ಬೊಂತೆ ಮಾರಾಟಕ್ಕಲ್ಲ. ಅದರಲ್ಲಿ ಯಾವ ತುಂಡು ಯಾರ ರವಿಕೆಯದು ಅಂತ ಅವರಿಗೆ ಗೊತ್ತು. "ಇದು ಪದ್ಮನ ಮಗಳ ಸೀಮಂತದ್ದು, ಇದು ನಿಂದು, ಈ ಹಸಿರು ಮೇಷ್ಟ್ರ ಹೆಂಡ್ತಿದು" ಅಂತ ಬೆರಳಿಟ್ಟು ತೋರಿಸುತ್ತಾರೆ.

ಬಟ್ಟೆಯ ವಿಷಯದಲ್ಲಿ ಇಷ್ಟು ಜೋಪಾನ ಮಾಡುವ ನಾನು ಊಟದ ವಿಷಯದಲ್ಲಿ ಎಷ್ಟು ಅಜಾಗರೂಕಳಾಗಿದ್ದೆ ಅಂತ ಗೊತ್ತಾಗಿದ್ದು 2019ರಲ್ಲಿ. ಅಕ್ಕನ ಮಗನ ಆರತಕ್ಷತೆ, ಮೈಸೂರಿನದೇ ಒಂದು ಛತ್ರ. ಸಾವಿರದ ಇನ್ನೂರು ಜನಕ್ಕೆ ಅಡುಗೆ ಹೇಳಿದ್ದೆವು. ಅಡುಗೆಯವರು "ಒಂಬೈನೂರು ಸಾಕು ಸಾರ್" ಅಂದಿದ್ದರು. ಭಾವ ಒಪ್ಪಲಿಲ್ಲ, ನಾನೂ ಅವರ ಜೊತೆ ಸೇರಿ "ಕಡಿಮೆ ಬಿದ್ರೆ ಮಾನ ಹೋಗುತ್ತೆ" ಅಂದೆ. ಸಂಜೆ ಆರಕ್ಕೆ ಹಿಡಿದ ಮಳೆ ಒಂಬತ್ತೂವರೆ ತನಕ ಬಿಡಲಿಲ್ಲ. ಬಂದವರು ಏಳುನೂರು ಜನ.

ಹತ್ತೂಮುಕ್ಕಾಲಿಗೆ ಅಡುಗೆ ಮನೆಗೆ ಹೋದರೆ ಎರಡು ಕೊಪ್ಪರಿಗೆ ಅನ್ನ ಮುಟ್ಟದೆ ಇತ್ತು. ಬಿಸಿಬೇಳೆ ಬಾತ್, ಪಲಾವ್, ಮೊಸರನ್ನ ಬೇರೆ. ಆಮೇಲೆ ಫೋನ್ ಮಾಡಲು ಶುರು ಮಾಡಿದೆವು. ಒಂದು ಹಾಸ್ಟೆಲ್‌ನವರು ಮಕ್ಕಳು ಉಂಡು ಮಲಗಿದ್ದಾರೆ ಅಂದರು. ಒಂದು ವೃದ್ಧಾಶ್ರಮದವರು "ಎಷ್ಟು ಹೊತ್ತಿಗೆ ಬೇಯಿಸಿದ್ದು?" ಅಂತ ಕೇಳಿದರು. ಐದಕ್ಕೆ ಅಂದೆ. "ಬೇಡಮ್ಮ, ವಯಸ್ಸಾದವರು, ತಡೆಯಲ್ಲ" ಅಂದರು. ಆಗ ಬೇಜಾರಾಯಿತು. ಆದರೆ ಅವರು ಹೇಳಿದ್ದೇ ಸರಿ. ಬೆಂದ ಅನ್ನದಲ್ಲೂ ಕೆಲವು ಬ್ಯಾಕ್ಟೀರಿಯಾದ ಬೀಜ ಸಾಯದೆ ಉಳಿದಿರುತ್ತವೆ. 60 ಡಿಗ್ರಿಗಿಂತ ಬಿಸಿ ಇರುವ ತನಕ ಸುಮ್ಮನಿರುತ್ತವೆ, ಉಗುರುಬೆಚ್ಚಗಾದ ಮೇಲೆ ಗಂಟೆಗಂಟೆಗೂ ಬೆಳೆಯುತ್ತವೆ. ಆಮೇಲೆ ಬಿಸಿ ಮಾಡಿದರೂ ಅವು ಬಿಟ್ಟ ವಿಷ ಹೋಗಲ್ಲ.

ಬೆಳಗ್ಗೆ ಕೊಪ್ಪರಿಗೆ ಮುಚ್ಚಳ ತೆಗೆದಾಗ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಒಂದು ಹಿಡಿ ಅನ್ನ ಎತ್ತಿದೆ. ಅಗುಳು ಬಿಡಿಬಿಡಿ ಬರಲಿಲ್ಲ, ನೂಲು ನೂಲಾಗಿ ಎಳೆದುಕೊಂಡು ಬಂತು. ಹಂದಿ ಸಾಕುವವರೊಬ್ಬರು ಆಟೋ ತಂದು ಸ್ವಲ್ಪ ಒಯ್ದರು. ಉಳಿದದ್ದನ್ನು ಭಾವನ ಜಮೀನಿನಲ್ಲಿ ಗುಂಡಿ ತೆಗೆದು ಮುಚ್ಚಿದರು.

ನಮ್ಮಪ್ಪ ಛತ್ರದ ಮೆಟ್ಟಿಲ ಮೇಲೆ ಕೂತಿದ್ದರು. ಕೆ.ಆರ್.ಎಸ್. ನೀರು ಹರಿಯುವ ವಿ.ಸಿ. ನಾಲೆ ಬಯಲಿನಲ್ಲಿ ಅವರದು ಒಂದೂವರೆ ಎಕರೆ ಗದ್ದೆ. ನಾನು ಚಿಕ್ಕವಳಿದ್ದಾಗ ನಡುರಾತ್ರಿ ಎದ್ದು, ಗುದ್ದಲಿ ಹೆಗಲಿಗಿಟ್ಟು, ಬ್ಯಾಟರಿ ಹಿಡಿದು ನೀರು ಕಟ್ಟಲು ಹೋಗೋರು. ಬೈಯಲಿಲ್ಲ ಅವರು. "ಎಷ್ಟ್ ಅಕ್ಕಿ ಆಯ್ತವ್ವ ಅದು?" ಅಂತ ಮಾತ್ರ ಕೇಳಿದರು. ಅಡುಗೆಯವರನ್ನು ಕೇಳಿದೆ. ಅರ್ಧ ಕ್ವಿಂಟಲ್ ಅಂದರು. ಅಪ್ಪ ಏನೂ ಹೇಳದೆ ಎದ್ದು ಬಸ್ ಹಿಡಿದು ಊರಿಗೆ ಹೋದರು.

ಎಷ್ಟೋ ದಿನದ ಮೇಲೆ ಎಲ್ಲೋ ಓದಿದೆ, ಒಂದು ಕೆಜಿ ಅಕ್ಕಿಗೆ ಸರಾಸರಿ 2,500 ಲೀಟರ್ ನೀರು ಬೇಕಂತೆ. ಒಂದು ಹತ್ತಿ ಟೀ ಶರ್ಟಿಗೆ 2,700 ಲೀಟರ್. ಎರಡೂ ಹೆಚ್ಚುಕಡಿಮೆ ಒಂದೇ. ನಾವು ಹಾಳು ಮಾಡಿದ ಐವತ್ತು ಕೆಜಿ ಅಕ್ಕಿಗೆ ಲೆಕ್ಕ ಹಾಕಿದೆ. 1,25,000 ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಆದರೆ ಇಪ್ಪತ್ತೈದು ಟ್ಯಾಂಕರ್. 2023ರಲ್ಲಿ ಮಳೆ ಕೈಕೊಟ್ಟು ಕೆ.ಆರ್.ಎಸ್. ತುಂಬದೆ ಹೋದಾಗ, ನಾಲೆ ನೀರಿಗಾಗಿ ಮಂಡ್ಯದ ರೈತರು ರಸ್ತೆಯಲ್ಲಿ ಕೂತಾಗ, ನನಗೆ ಆ ಇಪ್ಪತ್ತೈದು ಟ್ಯಾಂಕರೇ ಕಣ್ಣಮುಂದೆ ಬರುತ್ತಿತ್ತು. ನಮ್ಮದೊಂದೇ ಮದುವೆ ಅಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು 2012ರಲ್ಲಿ ಲೆಕ್ಕ ಹಾಕಿದಾಗ ಆ ಊರಿನ ಮದುವೆ ಮನೆಗಳಲ್ಲೇ ವರ್ಷಕ್ಕೆ 943 ಟನ್ ಒಳ್ಳೆ ಊಟ ಹಾಳಾಗುತ್ತಿತ್ತು.

ಆದ್ದರಿಂದ ತಮ್ಮನ ಮನೆ ಗೃಹಪ್ರವೇಶಕ್ಕೆ ಊಟದ ಜವಾಬ್ದಾರಿ ನಾನೇ ಕೇಳಿ ತೆಗೆದುಕೊಂಡೆ. ಮುನ್ನೂರು ಜನರನ್ನು ಕರೆದಿದ್ದೆವು. ನಾಲ್ಕು ದಿನ ಮುಂಚೆ ನಾನು, ತಮ್ಮನ ಹೆಂಡತಿ ಪಟ್ಟಿ ಹಿಡಿದು ಎಲ್ಲರಿಗೂ ಫೋನ್ ಮಾಡಿದೆವು. ಬರುವವರು ಇನ್ನೂರ ನಲವತ್ತು ಅಂತ ಲೆಕ್ಕ ಸಿಕ್ಕಿತು. ಅಡುಗೆಯವರಿಗೆ ಒಂದೇ ಮಾತು ಹೇಳಿದೆ, ಅನ್ನ ಮೂರು ಸಲ ಬೇಯಿಸಿ. ಮೊದಲ ಪಂಕ್ತಿಗೊಂದು ಸಲ, ಆಮೇಲೆ ಜನ ನೋಡಿಕೊಂಡು. ಅಕ್ಕಿ ಉಳಿದರೆ ಚೀಲಕ್ಕೆ ವಾಪಸ್ ಹೋಗುತ್ತದೆ, ಅನ್ನ ಉಳಿದರೆ ಎಲ್ಲಿಗೆ ಹೋಗುತ್ತದೆ? ಅವರಿಗೆ ಸ್ವಲ್ಪ ಕಷ್ಟ ಆಯಿತು, ಒಲೆ ಹತ್ತಿರ ಒಬ್ಬ ಜಾಸ್ತಿ ಹೊತ್ತು ನಿಲ್ಲಬೇಕಾಯಿತು. ಅದಕ್ಕೆ ಕೂಲಿ ಬೇರೆ ಕೊಟ್ಟೆವು.

ಒಬ್ಬಟ್ಟನ್ನು ಅರ್ಧ ಮಡಚಿ ಕತ್ತರಿಸಿ ಇಡಿಸಿದೆ. ಅರ್ಧ ಬಡಿಸುವುದು, ಬೇಕು ಅಂದವರಿಗೆ ಮತ್ತೆ ಎಷ್ಟು ಬೇಕಾದರೂ ಬಡಿಸುವುದು. ಸಕ್ಕರೆ ಕಾಯಿಲೆಯವರು ಎಷ್ಟೋ ಜನ ಇರುತ್ತಾರೆ, ಪೂರ್ತಿ ಹಾಕಿದರೆ ಎಲೆಯಲ್ಲೇ ಬಿಡುತ್ತಾರೆ. ಬಡಿಸುವ ಹುಡುಗರಿಗೆ, ಕೈ ಅಡ್ಡ ಇಟ್ಟರೆ ಬಲವಂತ ಮಾಡಬೇಡಿ ಅಂತ ಹೇಳಿದ್ದೆ.

ಹತ್ತು ದಿನ ಮುಂಚೆಯೇ ಒಂದು ಹಾಸ್ಟೆಲ್‌ಗೆ ಹೋಗಿ ಮಾತಾಡಿಕೊಂಡು ಬಂದಿದ್ದೆ. ಒಂದೂವರೆಯೊಳಗೆ ಕಳಿಸಿದರೆ ನಲವತ್ತು ಮಕ್ಕಳಿಗೆ ಆಗುತ್ತೆ ಅಂದಿದ್ದರು. ಎರಡನೇ ಪಂಕ್ತಿ ಏಳುವ ಮುಂಚೆಯೇ ಅವರ ಪಾಲು ತೆಗೆದು, ಮುಚ್ಚಳ ಬಿಗಿಯಾದ ಪಾತ್ರೆಯಲ್ಲಿ ಬಿಸಿಬಿಸಿಯಾಗಿ ಕಳಿಸಿದೆವು. ಉಳಿದರೆ ಕೊಡೋಣ ಅಂತ ಕಾಯಲಿಲ್ಲ. ಎಲೆಗೆ ಬಡಿಸಿದ್ದು, ಬಕೆಟ್ಟಿನಲ್ಲಿ ಓಡಾಡಿದ್ದು ಅದಕ್ಕೆ ಸೇರಿಸಲಿಲ್ಲ. ಮೊಸರು ಬೇರೆ, ಅನ್ನ ಬೇರೆ. ಉಳಿದ ಊಟ ಹಂಚುವವರಿಗೆ ಅಂತಲೇ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ನಿಯಮ ತಂದಿದೆ. ಕೊಡುವ ಅನ್ನ ನಮ್ಮ ಮಕ್ಕಳು ಉಣ್ಣುವಂತಿರಬೇಕು, ಅಷ್ಟನ್ನು ನಾವೇ ನೋಡಿಕೊಳ್ಳಬಹುದು ಅಲ್ವಾ.

ಅವತ್ತು ಸಂಜೆ ಉಳಿದದ್ದು ಒಂದು ಬಕೆಟ್ ಸಾರು, ಸ್ವಲ್ಪ ಹುರುಳಿಕಾಯಿ ಪಲ್ಯ. ಸೋದರತ್ತೆ ಒಬ್ಬರು ಹೋಗುವಾಗ "ಒಬ್ಬಟ್ಟನ್ನ ಅರ್ಧ ಮಾಡಿ ಬಡಿಸೋ ಕಾಲ ಬಂತು" ಅಂದರು. ಚುಚ್ಚಿತು, ನಿಜ. ಅಪ್ಪ ಅಲ್ಲೇ ಇದ್ದರು. ಖಾಲಿ ಕೊಪ್ಪರಿಗೆಯ ಒಳಗೆ ಬಗ್ಗಿ ನೋಡಿ, ಎಲೆ ಅಡಿಕೆ ಹಾಕಿಕೊಂಡರು.

ಮದುವೆ ಊಟ ಕಣ್ಣಿಗೆ ಕಾಣುತ್ತದೆ, ಮನೆಯದು ಕಾಣಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಪ್ರಕಾರ ಪ್ರಪಂಚದಲ್ಲಿ ವರ್ಷಕ್ಕೆ 105 ಕೋಟಿ ಟನ್ ಆಹಾರ ಹಾಳಾಗುತ್ತದೆ, ಅದರಲ್ಲಿ ನೂರಕ್ಕೆ ಅರವತ್ತು ಭಾಗ ಮನೆಗಳಲ್ಲೇ. ಭಾರತದ ಮನೆಗಳಲ್ಲಿ ಒಬ್ಬರಿಗೆ ವರ್ಷಕ್ಕೆ 55 ಕೆಜಿ. ಇದರಲ್ಲಿ ಸಿಪ್ಪೆ, ಬೀಜವೂ ಸೇರಿದೆ. ಆದರೂ ನಾಲ್ಕು ಜನರ ಮನೆಗೆ 220 ಕೆಜಿ ಅಂದರೆ ನಾನು ನಂಬಲಿಲ್ಲ. ನಮ್ಮ ಮನೆಯಲ್ಲಿ ಅಷ್ಟಿಲ್ಲ ಅಂತ ತೋರಿಸಲು ಒಂದು ವಾರ ಎಲ್ಲವನ್ನೂ ತೂಗಿದೆ. ಅಷ್ಟಿರಲಿಲ್ಲ, ಆದರೆ ಎಸೆದದ್ದರಲ್ಲಿ ಎರಡು ಸಾಮಾನು ಮತ್ತೆ ಮತ್ತೆ ಬಂತು, ರಾತ್ರಿ ಅನ್ನ ಮತ್ತು ಕೊಳೆತ ಸೊಪ್ಪು.

ಅನ್ನಕ್ಕೆ ಪರಿಹಾರ ಪಾವು. ಕಣ್ಣಳತೆಯಲ್ಲಿ ಅಕ್ಕಿ ಸುರಿಯುವುದು ಬಿಟ್ಟೆ. ಅತ್ತೆಯ ಹಳೆ ಹಿತ್ತಾಳೆ ಪಾವು ಅಕ್ಕಿ ಡಬ್ಬದಲ್ಲೇ ಇಟ್ಟೆ. ನಮಗೆ ರಾತ್ರಿ ಮುದ್ದೆ ಇದ್ದರೆ ಒಂದು ಪಾವು, ಇಲ್ಲದಿದ್ದರೆ ಒಂದೂವರೆ. ಟೇಪಿಲ್ಲದೆ ಒಂದು ರವಿಕೆಯನ್ನೂ ಕತ್ತರಿಸದ ನಾನು ಅಷ್ಟು ವರ್ಷ ಅಳತೆಯಿಲ್ಲದೆ ಅನ್ನ ಇಡುತ್ತಿದ್ದೆ! ಆದರೂ ಒಂದೊಂದು ದಿನ ಉಳಿಯುತ್ತದೆ. ಊಟ ಆದ ತಕ್ಷಣ ಅಗಲವಾದ ತಟ್ಟೆಗೆ ಹರಡಿ ಆರಿಸಿ ಫ್ರಿಜ್ಜಿಗೆ ಇಟ್ಟರೆ ಬೆಳಗ್ಗೆ ಚಿತ್ರಾನ್ನ. ಮುದ್ದೆ ಉಳಿದರೆ ಚಿಂತೆಯೇ ಇಲ್ಲ. ಮಜ್ಜಿಗೆಗೆ ಕಿವುಚಿ, ಉಪ್ಪು, ಈರುಳ್ಳಿ ಹಾಕಿಕೊಂಡು ಕುಡಿಯುವುದು ಮಂಡ್ಯ ಕಡೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಬಸ್ಸಾರಂತೂ ಕಟ್ಟಿನ ಒಂದು ತೊಟ್ಟೂ ಚೆಲ್ಲದ ಅಡುಗೆ. ಹೀರೆಕಾಯಿ ಸಿಪ್ಪೆ ಚಟ್ನಿ, ಕಲ್ಲಂಗಡಿಯ ಬಿಳಿ ಭಾಗದ ದೋಸೆ, ಹಲಸಿನ ಬೀಜದ ಸಾರು, ಎಲ್ಲ ನಿಮಗೆ ಗೊತ್ತಿರುವುದೇ.

ಸೊಪ್ಪಿನದು ನನ್ನ ಆಸೆಯ ತಪ್ಪು. ಸಂಜೆ ದೇವರಾಜ ಮಾರ್ಕೆಟ್ಟಿಗೆ ಹೋದರೆ ಕಟ್ಟು ಕಡಿಮೆಗೆ ಸಿಗುತ್ತದೆ ಅಂತ ನಾಲ್ಕೈದು ತರುತ್ತಿದ್ದೆ. ಪ್ಲಾಸ್ಟಿಕ್ ಕವರಿನಲ್ಲೇ ಫ್ರಿಜ್ಜಿಗೆ ತಳ್ಳುತ್ತಿದ್ದೆ. ಮೂರನೇ ದಿನಕ್ಕೆ ಲೋಳೆ. ಈಗ ಎರಡೇ ಕಟ್ಟು. ಬೇರು ಕತ್ತರಿಸಿ, ಕೊಳೆತ ಎಲೆ ಆರಿಸಿ, ತೊಳೆಯದೆ ಹಳೆ ಪಂಚೆ ತುಂಡಿನಲ್ಲಿ ಸುತ್ತಿ ಇಡುತ್ತೇನೆ. ಪಂಚೆ ಜಾಸ್ತಿ ನೀರು ಹೀರಿಕೊಳ್ಳುತ್ತದೆ, ಒಣಗಲೂ ಬಿಡಲ್ಲ. ದಂಟು, ಕೀರೆ ಐದು ದಿನ ಇರುತ್ತದೆ. ಕರಿಬೇವಂತೂ ಹದಿನೈದು ದಿನ.

ಮಿಕ್ಕ ಸಿಪ್ಪೆ ಮಹಡಿಗೆ ಹೋಗುತ್ತದೆ. ತಳಕ್ಕೆ, ಪಕ್ಕಕ್ಕೆ ತೂತು ಮಾಡಿದ ಎರಡು ಪೇಂಟ್ ಬಕೆಟ್, ಒಂದು ಪಾಲು ಹಸಿ ಕಸಕ್ಕೆ ಎರಡು ಪಾಲು ಒಣಗಿದ ಹೊಂಗೆ ಎಲೆ, ವಾರಕ್ಕೊಮ್ಮೆ ಹುಳಿ ಮಜ್ಜಿಗೆ. ವಾಸನೆ ಬಂದರೆ ನೀರು ಜಾಸ್ತಿ ಆಗಿದೆ ಅಂತ ಅರ್ಥ, ಒಣ ಎಲೆ ಹಾಕಿ ಕೆದಕಿದರೆ ಸರಿಹೋಗುತ್ತದೆ. ಎರಡು ತಿಂಗಳಿಗೆ ಗೊಬ್ಬರ.

ಒಂದು ಸಲ ನಮ್ಮ ಯಜಮಾನರ ಹರಿದ ಕಾಟನ್ ಬನಿಯನ್ನನ್ನೂ ಬಕೆಟ್ಟಿಗೆ ಹಾಕಿದೆ. ನಾಲ್ಕು ತಿಂಗಳಾದ ಮೇಲೆ ಗೊಬ್ಬರ ಜರಡಿ ಹಿಡಿದಾಗ ಬನಿಯನ್ ಇರಲಿಲ್ಲ. ಅದರ ಹೊಲಿಗೆ ಇತ್ತು. ಕತ್ತಿನ ಸುತ್ತ, ತೋಳಿನ ಸುತ್ತ, ಕೆಳಗಿನ ಮಡಿಕೆ, ಬರೀ ದಾರ, ಬನಿಯನ್ನಿನ ಆಕಾರದಲ್ಲೇ. ಬಟ್ಟೆ ಹತ್ತಿ, ದಾರ ಪಾಲಿಸ್ಟರ್. ಅದನ್ನು ತೊಳೆದು ಮಿಷನ್ ಮುಂದಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದೇನೆ. ಬಂದವರೆಲ್ಲ ಏನಿದು ಅಂತ ಕೇಳುತ್ತಾರೆ, ಹೇಳುತ್ತೇನೆ. ಬೊಂತೆಗೆ ಈಗ ಹತ್ತಿ ದಾರವನ್ನೇ ಹುಡುಕಿ ತರುತ್ತೇನೆ.

ನಮ್ಮ ಕುಂಬಾರಕೊಪ್ಪಲಿನಲ್ಲೇ ಝೀರೋ ವೇಸ್ಟ್ ಘಟಕ ಇದೆ. ಹಸಿ ಕಸ ಗೊಬ್ಬರ ಮಾಡುತ್ತಾರೆ, ಒಣ ಕಸ ವಿಂಗಡಿಸಿ ಮಾರುತ್ತಾರೆ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶಕ್ಕೇ ಮೊದಲು ಬಂದಾಗ ನಮಗೆಲ್ಲ ಎಷ್ಟು ಹೆಮ್ಮೆ ಆಗಿತ್ತು! ಆ ಹೆಮ್ಮೆ ಬೆಳಗಾಗೆದ್ದು ಕೈಯಿಂದ ಕಸ ಬೇರೆ ಮಾಡುವ ಹೆಂಗಸರಿಗೆ ಸೇರಬೇಕು. ಒಂದು ಸಲ ಕಸದ ಗಾಡಿಯವಳು ನನ್ನ ಕಣ್ಣೆದುರೇ ಒಂದು ಕವರ್ ಬಿಚ್ಚಿದಳು. ಒಳಗೆ ಚೆನ್ನಾಗಿರುವ ಮಗುವಿನ ಫ್ರಾಕು, ಅದರ ಮೇಲೆ ಸುರಿದ ಸಾಂಬಾರ್ ಅನ್ನ. "ನೋಡಕ್ಕ, ಅನ್ನವೂ ಹೋಯ್ತು, ಬಟ್ಟೇನೂ ಹೋಯ್ತು" ಅಂದಳು. ಬೇರೆ ಬೇರೆ ಇದ್ದಿದ್ದರೆ ಅನ್ನ ಗೊಬ್ಬರ ಆಗುತ್ತಿತ್ತು, ಫ್ರಾಕು ಇನ್ನೊಂದು ಮಗುವಿಗೆ ಆಗುತ್ತಿತ್ತು. ಹೀಗೆ ಕಲಸಿಹೋದದ್ದು ಗುಡ್ಡೆಯಲ್ಲಿ ಗಾಳಿಯಾಡದೆ ಕೊಳೆತರೆ ಮೀಥೇನ್ ಬರುತ್ತದೆ. ಅದು ಭೂಮಿ ಕಾಯಿಸುವುದರಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜೋರು. ಊರಿನ ಕಸ ಹೋಗಿ ಬೀಳುವ ವಿದ್ಯಾರಣ್ಯಪುರಂ ಸೂಯೇಜ್ ಫಾರಂ ಪಕ್ಕದಲ್ಲಿ ಇರುವವರನ್ನು ಕೇಳಿ, ಗಾಳಿ ತಿರುಗಿದ ದಿನ ಹೇಗಿರುತ್ತದೆ ಅಂತ.

ಬಟ್ಟೆ ಕೊಡುವುದಾದರೆ ಒಗೆದು, ಒಣಗಿಸಿ, ಬೇರೆ ಚೀಲದಲ್ಲಿ ಕೊಡಿ. ಹರಿದಿದ್ದರೆ ಹರಿದಿದೆ ಅಂತ ಹೇಳಿ ಕೊಡಿ. ಹಳೆ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸರು ಇವತ್ತಿಗೂ ನಮ್ಮ ಬೀದಿಗೆ ಬರುತ್ತಾರೆ. ಗಟ್ಟಿ ಬಟ್ಟೆಯನ್ನು ಅವರು ಸರಿಯಾದ ಕೈಗೆ ಮುಟ್ಟಿಸುತ್ತಾರೆ. ಅವರ ಹೊಟ್ಟೆಪಾಡೂ ಅದೇ, ಚೌಕಾಸಿ ಜಾಸ್ತಿ ಮಾಡಬೇಡಿ.

ಸೋಮವಾರ ಆ ಹುಡುಗಿ ಬಂದಳು. ಜೊತೆಗೆ ಅವಳ ಅಮ್ಮನೂ. ಬ್ಲೇಡಿನ ಮೂಲೆಯಿಂದ ಎರಡು ಸಾಲು ಹೊಲಿಗೆ ಬಿಚ್ಚಿದ್ದೆ. ಇಷ್ಟು ವರ್ಷ ಬೆಳಕು ಕಾಣದೆ ಒಳಗೇ ಇದ್ದ ಬಟ್ಟೆ ಈಗ ತೋಳಿನ ಕೆಳಗೆ ಗಾಢ ಅರಿಶಿನದ ಒಂದು ಗೆರೆಯಾಗಿ ಕಾಣುತ್ತಿತ್ತು. ಹೊರಗಿನ ಬಣ್ಣ ಎಷ್ಟು ಮಾಸಿದೆ ಅಂತ ಆಗ ಗೊತ್ತಾಯಿತು. ಅಮ್ಮ ಆ ಗೆರೆಯ ಮೇಲೆ ಬೆರಳಾಡಿಸಿ, "ಅವತ್ತು ಪೂರ್ತಿ ಇದೇ ಬಣ್ಣ ಇತ್ತು" ಅಂದರು.

ಹುಡುಗಿ ಹಾಕಿಕೊಂಡು ಬಂದು ಕೈ ಎತ್ತಿ, ಇಳಿಸಿ ನೋಡಿದಳು. ಸರಿಯಾಗಿತ್ತು. ಅರವತ್ತು ರೂಪಾಯಿ ತೆಗೆದುಕೊಂಡೆ. "ಮೂರನೇ ಸಾಲು ಹಾಗೇ ಬಿಟ್ಟಿದ್ದೀನಿ ಕಣವ್ವ, ಇನ್ನೂ ಅರ್ಧ ಇಂಚು ಒಳಗಿದೆ" ಅಂದೆ.